ಜಾಲಪುಟದ ಸಂವಾದಶಕ್ತಿ: ಸಾಧನಗಳ ಆಯ್ಕೆಯ ವಿವೇಚನೆ

ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಜಿನೀವಾ ಸಮೀಪದ ಸರ್ನ್ ಸಂಶೋಧನಾಲಯದಲ್ಲಿ ಸೂಚಿಸಿದ ವೆಬ್ ವ್ಯವಸ್ಥೆ ಮೂಲತಃ ಓದುವುದಕ್ಕಾಗಿ ಹುಟ್ಟಿದುದು. ಒಂದು ಬರಹದಿಂದ ಮತ್ತೊಂದಕ್ಕೆ ದಾರಿ ತೋರುವುದೇ ಅದರ ಪ್ರಧಾನೋದ್ದೇಶವಾಗಿದ್ದಿತು. ಕಾಲಕ್ರಮದಲ್ಲಿ ಜನರು ಅದೇ ಪುಟದಲ್ಲಿ ಲೆಕ್ಕ ಮಾಡಲು, ಅರ್ಜಿ ತುಂಬಲು, ನಕ್ಷೆಯನ್ನು ಸರಿಸಿ ನೋಡಲು, ಹಣ ಕಳುಹಿಸಲು ಅಪೇಕ್ಷಿಸಿದರು. ಓದುವ ಪುಟವು ಕೆಲಸದ ಉಪಕರಣವಾಗಬೇಕಾಯಿತು. ಇದಕ್ಕೆ ಯಾವ ಸಾಧನ ತಕ್ಕದ್ದೆಂಬ ಪ್ರಶ್ನೆ ಅಂದಿನಿಂದಲೂ ಉಳಿದುಬಂದಿದೆ. ಅದರ ಇತಿಹಾಸವನ್ನು ಪರಿಶೀಲಿಸಿದರೆ ಆಯ್ಕೆಗೆ ಆಧಾರವಾಗತಕ್ಕ ಕೆಲವು ತತ್ತ್ವಗಳು ದೊರೆಯುತ್ತವೆ.

ಮೊದಲಿನ ಕ್ರಮದ ಕೊರತೆಯನ್ನು ಬ್ಯಾಂಕಿನ ದೃಷ್ಟಾಂತದಿಂದ ತಿಳಿಯಬಹುದು. ಖಾತೆಯಲ್ಲಿ ಒಂದು ಕಲಮು ಬದಲಾದಾಗಲೆಲ್ಲ ಲೆಡ್ಜರಿನ ಇಡೀ ಪುಟವನ್ನು ಹೊಸದಾಗಿ ನಕಲು ಮಾಡಿ ಕಳುಹಿಸಿದಂತೆ, ಬಳಕೆದಾರನು ಒಂದು ಗುಂಡಿಯನ್ನು ಒತ್ತಿದೊಡನೆ ದೂರದ ಸರ್ವರು ಪೂರ್ಣ ಪುಟವನ್ನು ಮತ್ತೆ ಕಳುಹಿಸಬೇಕಾಗಿದ್ದಿತು. ಈ ತೊಡಕಿನ ಪರಿಹಾರಕ್ಕೆ ಎರಡು ಮಾರ್ಗಗಳು ಕಾಣಿಸಿಕೊಂಡುವು.

ಒಂದನೆಯದು, ಬ್ರೌಸರಿನೊಳಗೆ ಹೊರಗಿನ ತಂತ್ರಾಂಶವೊಂದನ್ನು ನೆಲೆಗೊಳಿಸುವ ಪ್ಲಗ್‌ಇನ್ ಮಾರ್ಗ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಜಾವಾ ಆಪ್ಲೆಟ್‌ಗಳು 1995ರಲ್ಲಿ ಬಂದುವು. 1996ರಲ್ಲಿ ಮ್ಯಾಕ್ರೋಮೀಡಿಯ ಸಂಸ್ಥೆಯ ಕೈಸೇರಿದ ಫ್ಲ್ಯಾಶ್, 2005ರಲ್ಲಿ ಆ ಸಂಸ್ಥೆಯೊಡನೆ ಅಡೋಬಿಗೆ ಸಂದಿತು. ಮೈಕ್ರೋಸಾಫ್ಟ್ 2007ರಲ್ಲಿ ಸಿಲ್ವರ್‌ಲೈಟ್ ಅನ್ನು ಹೊರತಂದಿತು. ಒಂದೊಂದು ಬ್ರೌಸರು ಒಂದೊಂದು ಬಗೆಯಾಗಿ ವರ್ತಿಸುತ್ತಿದ್ದ ಕಾಲದಲ್ಲಿ ಎಲ್ಲೆಡೆಯೂ ಏಕರೂಪವಾಗಿ ನಡೆಯುವ ಚಲಚ್ಚಿತ್ರ, ಧ್ವನಿ, ಚಿತ್ರರಚನೆಗಳನ್ನು ಒದಗಿಸಿದುದು ಈ ಮಾರ್ಗದ ಹಿರಿಮೆ. ಅಂದು ಇದನ್ನು ಆರಿಸಿಕೊಂಡವರನ್ನು ಅವಿವೇಕಿಗಳೆನ್ನಲಾಗದು.

ಎರಡನೆಯದು, ಬ್ರೌಸರಿನ ಸ್ವಂತ ಶಕ್ತಿಯನ್ನೇ ಬೆಳೆಸುವ ಮಾರ್ಗ. ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಬ್ರೆಂಡನ್ ಐಕ್ ಅವರು 1995ರಲ್ಲಿ ರಚಿಸಿದ ಜಾವಾಸ್ಕ್ರಿಪ್ಟ್ ಬಹುಕಾಲ ಆಟಿಕೆಯೆಂದೇ ಪರಿಗಣಿತವಾಗಿದ್ದಿತು. ಪುಟವನ್ನು ಕದಲಿಸದೆ ಬೇಕಾದ ಅಂಶವನ್ನಷ್ಟೇ ಸರ್ವರಿನಿಂದ ತರಿಸುವ ಸೌಕರ್ಯ 1999ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ಐದನೆಯ ಆವೃತ್ತಿಯಲ್ಲಿ ದೊರೆಯಿತು. 2004ರ ಜಿಮೇಲ್, 2005ರ ಗೂಗಲ್ ಮ್ಯಾಪ್ಸ್ ಇದರ ಸಾಮರ್ಥ್ಯವನ್ನು ಲೋಕಕ್ಕೆ ತೋರಿಸಿದುವು. 2005ರಲ್ಲಿಯೇ ಈ ಪದ್ಧತಿಗೆ ಅಜಾಕ್ಸ್ ಎಂಬ ಹೆಸರು ಬಂದಿತು. 2014ರಲ್ಲಿ ಎಚ್‌ಟಿಎಂಎಲ್5 ಅಧಿಕೃತ ಮಾನಕವಾದಾಗ, ಪ್ಲಗ್‌ಇನ್‌ಗಳು ರೂಢಿಗೆ ತಂದಿದ್ದ ಚಲಚ್ಚಿತ್ರ ಮತ್ತು ಚಿತ್ರರಚನೆಗಳು ಬ್ರೌಸರಿನ ಸಹಜ ಗುಣಗಳಾಗಿ ಅದರಲ್ಲಿ ಸೇರಿದ್ದುವು.

ಆದರೆ ಸ್ಪರ್ಧೆಯ ತೀರ್ಪು ಕೇವಲ ಗುಣದೋಷಗಳಿಂದ ಆದುದಲ್ಲ. 2007ರ ಐಫೋನ್ ಫ್ಲ್ಯಾಶ್‌ಗೆ ಎಡೆಗೊಡಲಿಲ್ಲ. ಸ್ಟೀವ್ ಜಾಬ್ಸ್ ಅವರು 2010ರ ಏಪ್ರಿಲಿನ ಬಹಿರಂಗ ಪತ್ರದಲ್ಲಿ ಭದ್ರತೆ, ಬ್ಯಾಟರಿಯ ವ್ಯಯ, ಸ್ಪರ್ಶದ ಪರದೆಗೆ ಹೊಂದದಿರುವಿಕೆ ಮುಂತಾದ ಕಾರಣಗಳನ್ನು ಮುಂದಿಟ್ಟರು. ಅಡೋಬಿ 2020ರ ಡಿಸೆಂಬರ್ 31ರಂದು ಫ್ಲ್ಯಾಶ್ ಪ್ಲೇಯರಿನ ಪೋಷಣೆಯನ್ನು ಮುಗಿಸಿತು. 2021ರ ಜನವರಿ 12ರಿಂದ ಆ ತಂತ್ರಾಂಶವೇ ಫ್ಲ್ಯಾಶ್ ಕೃತಿಗಳನ್ನು ನಡೆಸದೆ ತಡೆಯತೊಡಗಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸಿಲ್ವರ್‌ಲೈಟಿನ ಪೋಷಣೆಯೂ ಕೊನೆಗೊಂಡಿತು. ದಕ್ಷಿಣ ಆಫ್ರಿಕದ ತೆರಿಗೆ ಇಲಾಖೆಯು ಫ್ಲ್ಯಾಶ್‌ನಲ್ಲಿದ್ದ ತನ್ನ ಕೆಲವು ನಮೂನೆಗಳಿಗಾಗಿ 2021ರ ಜನವರಿಯಲ್ಲಿ ಪ್ರತ್ಯೇಕ ಬ್ರೌಸರನ್ನೇ ಹೊರತರಬೇಕಾಯಿತು. ಅಸಂಖ್ಯ ಆಟಗಳೂ ಚಲಿಸುವ ಚಿತ್ರಗಳೂ ಮೂಕವಾದುವು. ಅವುಗಳಲ್ಲಿ ಕೆಲವನ್ನು ಇಂಟರ್‌ನೆಟ್ ಆರ್ಕೈವ್ ಸಂಸ್ಥೆ ಅನುಕರಣ ತಂತ್ರಾಂಶದ ನೆರವಿನಿಂದ ಉಳಿಸಿಕೊಂಡಿದೆ.

ಇಂದಿನ ಸ್ಪರ್ಧೆ ಬಹುಮಟ್ಟಿಗೆ ಎರಡನೆಯ ಮಾರ್ಗದೊಳಗಿನದು. 2010ರ ಆಂಗ್ಯುಲರ್‌ಜೆಎಸ್, 2013ರ ರಿಯಾಕ್ಟ್, 2014ರ ವ್ಯೂ ಇವೆಲ್ಲ ಜಾವಾಸ್ಕ್ರಿಪ್ಟಿನಲ್ಲಿ ರಚಿತವಾದ ಚೌಕಟ್ಟುಗಳು. ಇವೂ ಚಿರಂಜೀವಿಗಳಲ್ಲ, ಆಂಗ್ಯುಲರ್‌ಜೆಎಸ್‌ನ ಪೋಷಣೆ 2021ರ ಡಿಸೆಂಬರಿಗೆ ಮುಗಿಯಿತು. ಆದರೆ ಇಲ್ಲಿ ಗಮನಾರ್ಹವಾದ ಒಂದು ಭೇದವುಂಟು. ಆಂಗ್ಯುಲರ್‌ಜೆಎಸ್ ಆಧರಿಸಿದ ಪುಟಗಳು ಮರುದಿನ ನಿಂತುಹೋಗಲಿಲ್ಲ. ಅವುಗಳ ಭಾಷೆ ಬ್ರೌಸರಿನದೇ ಆದುದರಿಂದ ರಿಪೇರಿ ನಿಂತರೂ ನಡಿಗೆ ನಿಲ್ಲಲಿಲ್ಲ. ಹಾಗೆಂದು ಉದಾಸೀನ ಸಲ್ಲದು. ಭದ್ರತೆಯ ದೋಷಗಳು ಮುಂದೆ ಕಂಡುಬಂದರೆ ತಿದ್ದುವ ಹೊಣೆ ಬಳಸುವವರ ಮೇಲೆಯೇ ಬೀಳುತ್ತದೆ. ಫ್ಲ್ಯಾಶ್‌ನ ವಿಷಯದಲ್ಲಾದರೋ ಬಾಗಿಲೇ ಮುಚ್ಚಿತು, ಬೀಗದ ಕೈ ಅನ್ಯರಲ್ಲಿತ್ತು.

ಆದುದರಿಂದ ಸಾಧನವನ್ನು ಆರಿಸುವವರು ವೇಗ, ಅಂದ, ರಚನೆಯ ಸೌಲಭ್ಯಗಳೊಡನೆ ಬೇರೆ ಮೂರು ಅಂಶಗಳನ್ನು ವಿಚಾರಿಸತಕ್ಕದ್ದು. ಒಂದು: ಸಾಧನದ ಒಡೆಯನು ಕೈಬಿಟ್ಟರೆ ಪುಟವು ನಡೆಯುವುದೇ? ಎರಡು: ದತ್ತಾಂಶವೂ ವ್ಯವಹಾರದ ನಿಯಮಗಳೂ ಸರ್ವರಿನಲ್ಲಿ ಪ್ರತ್ಯೇಕವಾಗಿ ಉಳಿದು, ಪರದೆಯ ಭಾಗವನ್ನಷ್ಟೇ ಬದಲಾಯಿಸಲು ಸಾಧ್ಯವೇ? ಮೂರು: ಅಗ್ಗದ ಫೋನು, ಮಂದ ಸಂಪರ್ಕ ಉಳ್ಳವರಿಗೂ, ಪರದೆಯನ್ನು ಓದಿಸಿ ಕೇಳುವ ದೃಷ್ಟಿಹೀನರಿಗೂ ಪುಟ ಎಟುಕುವುದೇ? ಕೇವಲ ವಿಷಯವನ್ನು ತಿಳಿಸುವ ಪುಟಕ್ಕೆ ಭಾರವಾದ ಚೌಕಟ್ಟಿನ ಆವಶ್ಯಕತೆಯೇ ಇರಲಾರದು ಎಂಬುದನ್ನೂ ಮರೆಯಬಾರದು.

ಸಾಲ ಕೊಡುವಾಗಲೇ ಮರುಪಾವತಿಯ ಕ್ರಮವನ್ನು ಗೊತ್ತುಮಾಡುವುದು ವ್ಯವಹಾರಧರ್ಮ. ಅದರಂತೆ ಸಾಧನವನ್ನು ಕೈಗೊಳ್ಳುವ ದಿನವೇ ಅದನ್ನು ಬಿಡಬೇಕಾದ ದಿನದ ಏರ್ಪಾಡನ್ನೂ ಮಾಡಿಕೊಳ್ಳುವುದು ವಿವೇಕ.