ಹಳೆಯ ತಂತ್ರಾಂಶದ ಪರಿವರ್ತನೆ: ಎಂಟಾಣೆಯ ಎಚ್ಚರ

ಪೈಥಾನ್ ಭಾಷೆಯ 2ನೇ ಆವೃತ್ತಿಗಿದ್ದ ಅಧಿಕೃತ ಬೆಂಬಲವು 2020ರ ಜನವರಿ 1ರಂದು ಕೊನೆಗೊಂಡಿತು. ಅದರಲ್ಲಿ ಬರೆಸಿದ ಬಿಲ್ಲಿಂಗ್, ದಾಸ್ತಾನು ತಂತ್ರಾಂಶಗಳನ್ನು 3ನೇ ಆವೃತ್ತಿಗೆ ಒಯ್ಯುವಾಗ, ದೋಷ ತೋರಿ ನಿಲ್ಲುವ ಸಾಲುಗಳಿಗಿಂತ ಸದ್ದಿಲ್ಲದೆ ಬೇರೆ ಉತ್ತರ ಕೊಡುವ ಸಾಲುಗಳೇ ಅಪಾಯಕಾರಿ.

ಪೆಟ್ಟಿಗೆಗೆ 12ರಂತೆ 100 ನಗಗಳನ್ನು ಭಾಗಿಸಿದರೆ ಹಳೆಯದು 8 ಎನ್ನುತ್ತಿತ್ತು, ಹೊಸದು 8.33 ಎನ್ನುತ್ತದೆ. ಇದು ಕಣ್ಣಿಗೆ ಬೀಳುತ್ತದೆ. ಪೈಸೆಯನ್ನು ರೂಪಾಯಿಗೆ ಸರಿಹೊಂದಿಸುವ ಲೆಕ್ಕ ಹಾಗಲ್ಲ. 62.50 ರೂಪಾಯಿ ತೆರಿಗೆಯನ್ನು ಹಳೆಯದು 63 ಮಾಡುತ್ತಿತ್ತು. ಹೊಸದು ಸಮೀಪದ ಸಮಸಂಖ್ಯೆಯಾದ 62ಕ್ಕೆ ಇಳಿಸುತ್ತದೆ. ಆದರೆ ಕೇಂದ್ರ ಜಿ.ಎಸ್.ಟಿ. ಕಾಯಿದೆಯ 170ನೇ ಕಲಮಿನಂತೆ 50 ಪೈಸೆ ಅಥವಾ ಹೆಚ್ಚಿದ್ದರೆ ಮುಂದಿನ ರೂಪಾಯಿಗೆ ಏರಿಸಲೇಬೇಕು.

ಸ್ವಯಂಚಾಲಿತ ಪರಿವರ್ತಕವು ಇವೆರಡನ್ನೂ ಮುಟ್ಟುವುದಿಲ್ಲ. ಹಿಂದಿನ ವರ್ಷದ ಬಿಲ್ಲುಗಳನ್ನು ಎರಡೂ ತಂತ್ರಾಂಶಗಳಲ್ಲಿ ಹಾಯಿಸಿ ತಾಳೆ ನೋಡಿದ ಮೇಲೆಯೇ ತಂತ್ರಜ್ಞರಿಗೆ ಕೊನೆಯ ಕಂತು ಪಾವತಿಸುವುದು ಲೇಸು.