ರೂಟ್ ಕೆನಾಲ್: ಹಲ್ಲು ಕೊಡುವ ಸುಳಿವುಗಳು

ಹಲ್ಲಿನ ಹೊರಗವಚ ಎನಾಮಲ್. ಅದರ ಒಳಗೆ ಡೆಂಟಿನ್, ಡೆಂಟಿನ್ನಿನ ನಟ್ಟನಡುವೆ ಪಲ್ಪ್ ಎಂಬ ಮೆತ್ತನೆಯ ಅಂಗಾಂಶ. ನರ, ರಕ್ತನಾಳಗಳೆಲ್ಲ ಇರುವುದು ಈ ಪಲ್ಪಿನಲ್ಲಿ. ಅವು ಬೇರಿನ ತುದಿಯ ಕಿರುರಂಧ್ರದ ಮೂಲಕ ಒಳಬರುತ್ತವೆ. ಮೈಯಲ್ಲಿ ಬೇರೆಲ್ಲಿ ಉರಿಯೂತವಾದರೂ ಆ ಜಾಗ ಊದಿಕೊಳ್ಳುತ್ತದೆ. ಪಲ್ಪಿಗೆ ಆ ಅವಕಾಶವಿಲ್ಲ, ಸುತ್ತಲೂ ಗಟ್ಟಿ ಗೋಡೆ. ಹುಳುಕು ಆಳಕ್ಕಿಳಿದು ಬ್ಯಾಕ್ಟೀರಿಯಾ ಹತ್ತಿರ ಬಂದಾಗ ಒಳಗಿನ ಒತ್ತಡ ಏರುತ್ತದೆ, ರಕ್ತಸಂಚಾರ ಕುಗ್ಗುತ್ತದೆ, ಕೊನೆಗೆ ಪಲ್ಪ್ ಸಾಯುತ್ತದೆ. ಕೆಟ್ಟ ಪಲ್ಪನ್ನು ತೆಗೆದು, ಬೇರಿನ ನಾಳಗಳನ್ನು ಶುಚಿಗೊಳಿಸಿ ತುಂಬುವುದೇ ರೂಟ್ ಕೆನಾಲ್ ಚಿಕಿತ್ಸೆ.

ಎಲ್ಲ ಹಲ್ಲುನೋವಿಗೂ ಇದು ಬೇಕಿಲ್ಲ. ಐಸ್‌ಕ್ರೀಮ್ ತಾಕಿದೊಡನೆ ಹಲ್ಲು ಜುಮ್ಮೆಂದು, ನುಂಗಿದ ಮೇಲೆ ಕ್ಷಣಮಾತ್ರದಲ್ಲಿ ಸುಮ್ಮನಾದರೆ ಪಲ್ಪ್ ಇನ್ನೂ ಚೇತರಿಸಿಕೊಳ್ಳುವ ಸ್ಥಿತಿಯಲ್ಲಿದೆ ಎಂದೇ ಸಾಮಾನ್ಯವಾಗಿ ಅರ್ಥ. ಒಸಡು ಸರಿದು ಬೇರು ಕಾಣಿಸಿಕೊಂಡಿದ್ದರೂ, ಹೊಸ ಫಿಲ್ಲಿಂಗ್ ತುಸು ಎತ್ತರವಾಗಿದ್ದರೂ ಹೀಗಾಗುತ್ತದೆ. ಹುಳುಕು ತೆಗೆದು ಫಿಲ್ಲಿಂಗ್ ಹಾಕಿದರೆ ಅಥವಾ ಎತ್ತರ ತಗ್ಗಿಸಿದರೆ ಸಾಕಾಗಬಹುದು.

ನೋವು ಎಷ್ಟು ಜೋರಾಗಿದೆ ಎನ್ನುವುದಕ್ಕಿಂತ ಎಷ್ಟು ಹೊತ್ತು ನಿಲ್ಲುತ್ತದೆ, ತಾನಾಗಿಯೇ ಬರುತ್ತದೆಯೇ ಎಂಬುದು ಮುಖ್ಯ. ತಂಪು ದೂರವಾದ ಮೇಲೂ 30 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನೋವು ಉಳಿದರೆ ಪಲ್ಪ್ ವಾಪಸು ಬರಲಾರದ ಹಂತಕ್ಕೆ ಹೋಗಿರುವ ಸಂಭವ ಹೆಚ್ಚು. ಏನೂ ತಿನ್ನದೆ, ಕುಡಿಯದೆ ಇದ್ದಾಗಲೂ ಸಿಡಿತ ಶುರುವಾಗುವುದು, ಮಲಗಿದೊಡನೆ ತಲೆಗೆ ರಕ್ತದ ಒತ್ತಡ ಹೆಚ್ಚಿ ನಿದ್ದೆ ಕೆಡುವುದು ಇದೇ ಹಂತದ ಲಕ್ಷಣಗಳು. ಬಿಸಿ ಕಾಫಿಗೆ ನೋವು ಕೆರಳಿ ತಣ್ಣೀರಿಗೆ ಶಮನವಾಗುವುದು ಇನ್ನೂ ಮುಂದುವರಿದ ಸ್ಥಿತಿ. ತಣ್ಣೀರಿನ ಬಾಟಲಿ ಹಿಡಿದುಕೊಂಡೇ ದಂತವೈದ್ಯರ ಬಳಿ ಬರುವವರೂ ಇದ್ದಾರೆ.

ಈ ಹಂತದಲ್ಲಿ ಯಾವ ಹಲ್ಲು ನೋಯುತ್ತಿದೆ ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಕೆಳದವಡೆಯ ಹಲ್ಲು ಕಿವಿಯಲ್ಲಿ ನೋಯುತ್ತದೆ, ಮೇಲಿನದು ಕಣತಲೆಯಲ್ಲಿ. ಮೇಲಿನ ಹಲ್ಲಿನ ನೋವು ಕೆಳಗಿನದೆನಿಸುವುದೂ ಉಂಟು. ಆದರೆ ಒಂದು ಬದಿಯ ಹಲ್ಲಿನ ನೋವು ಸಾಮಾನ್ಯವಾಗಿ ಇನ್ನೊಂದು ಬದಿಗೆ ದಾಟುವುದಿಲ್ಲ. ಮೇಲಿನ ದವಡೆ ಹಲ್ಲುಗಳು ಸಾಲಾಗಿ ನೋಯುತ್ತಿದ್ದು, ಬಗ್ಗಿದಾಗ ಹೆಚ್ಚಾಗುತ್ತಿದ್ದರೆ ತಪ್ಪು ಹಲ್ಲಿನದಲ್ಲ, ಸೈನಸ್ಸಿನದಿರಬಹುದು.

ಆಮೇಲೆ ಬರುವುದು ಅತ್ಯಂತ ಮೋಸದ ಘಟ್ಟ. ನಾಲ್ಕು ದಿನ ನಿದ್ದೆಗೆಡಿಸಿದ ಹಲ್ಲು ಒಂದು ಬೆಳಿಗ್ಗೆ ತಣ್ಣಗಾಗುತ್ತದೆ. ಲವಂಗದ ಎಣ್ಣೆ ಹಚ್ಚಿದ್ದಕ್ಕೋ ಮೆಡಿಕಲ್ ಶಾಪಿನ ಮಾತ್ರೆ ನುಂಗಿದ್ದಕ್ಕೋ ವಾಸಿಯಾಯಿತು ಎಂದುಕೊಂಡು ಅಪಾಯಿಂಟ್‌ಮೆಂಟ್ ರದ್ದು ಮಾಡುವವರುಂಟು. ನಿಜದಲ್ಲಿ ನೋವನ್ನು ತಿಳಿಸಬೇಕಾದ ನರವೇ ಸತ್ತಿರುತ್ತದೆ, ಸೋಂಕು ಬೇರಿನ ತುದಿಯಿಂದ ಮೂಳೆಗೆ ಇಳಿಯುತ್ತಿರುತ್ತದೆ. ಆಗ ಅಗಿಯುವಾಗ ಹಲ್ಲು ಎತ್ತರವಾದಂತೆ ತೋರುತ್ತದೆ, ತಟ್ಟಿದರೆ ನೋಯುತ್ತದೆ. ಕೆಲವೊಮ್ಮೆ ಒಸಡಿನ ಮೇಲೆ ಸಣ್ಣ ಗುಳ್ಳೆ ಎದ್ದು, ಒಡೆದು, ಮತ್ತೆ ಏಳುತ್ತದೆ. ಕೀವು ಹರಿದುಹೋಗುವುದರಿಂದಲೇ ಈ ಗುಳ್ಳೆ ಇರುವವರಿಗೆ ನೋವು ಕಡಿಮೆ. ವರ್ಷಗಳ ಹಿಂದೆ ಬಿದ್ದು ಪೆಟ್ಟಾದ ಮುಂದಿನ ಹಲ್ಲು ನೋವೇ ಇಲ್ಲದೆ ಬೂದುಬಣ್ಣಕ್ಕೆ ತಿರುಗುವುದೂ ಪಲ್ಪ್ ಸತ್ತಿರಬಹುದಾದ ಸೂಚನೆ.

ಇಲ್ಲಿ ಆ್ಯಂಟಿಬಯೋಟಿಕ್ ಹೆಚ್ಚು ಕೆಲಸ ಮಾಡುವುದಿಲ್ಲ. ಔಷಧ ರಕ್ತದೊಡನೆ ತಲುಪಬೇಕು; ಸತ್ತ ಪಲ್ಪಿಗೆ ರಕ್ತವೇ ಹೋಗುವುದಿಲ್ಲ. ಹಲ್ಲಿಗೇ ಚಿಕಿತ್ಸೆ ಕೊಡಲು ಸಾಧ್ಯವಿರುವಾಗ, ಬೇರೆ ತೊಂದರೆಯಿಲ್ಲದ ವಯಸ್ಕರ ಪಲ್ಪಿನ ಉರಿಯೂತಕ್ಕೆ ಆ್ಯಂಟಿಬಯೋಟಿಕ್ ಬೇಡ ಎಂದು ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರ ಮಾರ್ಗಸೂಚಿಯಲ್ಲಿ ಹೇಳಿದೆ. ಜ್ವರ ಬಂದು ಮುಖ ಊದಿದಾಗಿನ ಮಾತು ಬೇರೆ. ಗದ್ದದ ಕೆಳಗೆ ಬಾವು ಹರಡಿ ನುಂಗಲು, ಬಾಯಿ ತೆರೆಯಲು, ಉಸಿರಾಡಲು ಕಷ್ಟವಾದರೆ ಕ್ಲಿನಿಕ್ಕಿಗೆ ಕಾಯದೆ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ರೋಗಿ ಹೇಳಿದ್ದನ್ನು ವೈದ್ಯರು ಪರೀಕ್ಷೆಗಳಿಂದ ಖಚಿತಪಡಿಸಿಕೊಳ್ಳುತ್ತಾರೆ. ಹತ್ತಿಯುಂಡೆಗೆ ತಂಪು ಸ್ಪ್ರೇ ಹೊಡೆದು ಹಲ್ಲಿಗೆ ಇಡುವುದು, ಕನ್ನಡಿಯ ಹಿಡಿಯಿಂದ ಮೆಲ್ಲಗೆ ತಟ್ಟುವುದು, ಒಸಡಿನ ಆಳ ಅಳೆಯುವುದು ಎಲ್ಲವೂ ಪಕ್ಕದ ಸರಿಯಿರುವ ಹಲ್ಲಿನೊಡನೆ ಹೋಲಿಸಿಯೇ ನಡೆಯಬೇಕು. ಎಕ್ಸ್‌ರೇ ಬೇಕೇ ಬೇಕು, ಆದರೆ ಅದೊಂದನ್ನೇ ನಂಬುವಂತಿಲ್ಲ. ಮೂಳೆಯ ಖನಿಜಾಂಶ ಸುಮಾರು ಶೇ 30ರಿಂದ 50ರಷ್ಟು ಕರಗುವವರೆಗೆ ಬೇರಿನ ತುದಿಯ ಕಪ್ಪು ನೆರಳು ಸ್ಪಷ್ಟವಾಗಿ ಕಾಣುವುದಿಲ್ಲ. ರಾತ್ರಿಯೆಲ್ಲ ಸಿಡಿಯುವ ಹಲ್ಲಿನ ಎಕ್ಸ್‌ರೇ ಏನೂ ಆಗಿಲ್ಲವೆಂಬಂತೆ ತೋರಬಹುದು. ಹೀಗಾಗಿ ತಂಪಿನ ಪರೀಕ್ಷೆಯನ್ನೂ ಮಾಡದೆ ಬರೀ ಎಕ್ಸ್‌ರೇ ನೋಡಿ ರೂಟ್ ಕೆನಾಲ್ ಸೂಚಿಸಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದರಲ್ಲಿ ತಪ್ಪೇನಿಲ್ಲ.

ಪಲ್ಪ್ ಪೂರ್ತಿ ಸಾಯದ ಕೆಲವು ಹಲ್ಲುಗಳಲ್ಲಿ ಕೆಟ್ಟ ಭಾಗವನ್ನಷ್ಟೇ ತೆಗೆದು, ಉಳಿದದ್ದನ್ನು ಎಂಟಿಎಯಂಥ ವಿಶೇಷ ಸಿಮೆಂಟಿನಿಂದ ಮುಚ್ಚಿ ಉಳಿಸಿಕೊಳ್ಳುವ ವಿಧಾನವೂ ಇದೆ. ಬೇರು ಉದ್ದಕ್ಕೆ ಸೀಳಿದ್ದರೆ ಅಥವಾ ಕ್ಯಾಪ್ ಹಿಡಿದು ನಿಲ್ಲುವಷ್ಟು ಹಲ್ಲೇ ಉಳಿದಿಲ್ಲದಿದ್ದರೆ ರೂಟ್ ಕೆನಾಲ್ ಮಾಡಿಸಿಯೂ ಉಪಯೋಗವಿಲ್ಲ. ಅಂಥ ಹಲ್ಲನ್ನು ಕೀಳಿಸಬೇಕಾಗುತ್ತದೆ.