1 : 1½ : 3 ಮತ್ತು 1 : 3 : 3 ಒಂದೇನಾ? ‘ಒಂದೂವರೆ’ ಇರುವ ಅನುಪಾತವನ್ನು ಸರಳಗೊಳಿಸುವ ಸರಿಯಾದ ದಾರಿ

ಮನೆ ಕಟ್ಟಿಸಿದವರು ‘ಒಂದು, ಒಂದೂವರೆ, ಮೂರು’ ಎಂಬ ಮಾತನ್ನು ಕೇಳಿಯೇ ಇರುತ್ತಾರೆ. ತಾರಸಿಗೆ ಕಾಂಕ್ರೀಟ್ ಕಲಸುವಾಗ ಒಂದು ಪಾಲು ಸಿಮೆಂಟ್‌ಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಎಂದು ಇದರ ಅರ್ಥ. ಎಂ20 ದರ್ಜೆಯ ಕಾಂಕ್ರೀಟ್‌ಗೆ ರೂಢಿಯಲ್ಲಿರುವ ಅನುಪಾತ ಇದು. ಕಬ್ಬಿಣದ ಸರಳು ಹಾಕಿ ಕಟ್ಟುವ ಕಾಂಕ್ರೀಟ್ ಕನಿಷ್ಠ ಎಂ20 ಆಗಿರಬೇಕು ಎನ್ನುತ್ತದೆ ಭಾರತೀಯ ಮಾನಕ ಐಎಸ್ 456:2000.

ತೊಡಕಾಗುವುದು ಆ ‘ಅರ್ಧ’ದಿಂದ. ಅದನ್ನು ತೆಗೆದುಹಾಕಲು ಜನ ಹಲವು ಅಡ್ಡದಾರಿ ಹಿಡಿಯುತ್ತಾರೆ. ಅವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ನೋಡೋಣ.

ತಪ್ಪು 1: ‘ಅರ್ಧ ಇರುವ ಸಂಖ್ಯೆಯನ್ನು ಮಾತ್ರ ದುಪ್ಪಟ್ಟು ಮಾಡಿದರೆ ಸಾಕು’

1½ ಅಂದರೆ 3/2. ಕೆಳಗಿನ 2 ಬಿಟ್ಟರೆ 3 ಉಳಿಯುತ್ತದೆ, ಹಾಗಾಗಿ ಅನುಪಾತ 1 : 3 : 3. ಶಾಲೆಯ ಲೆಕ್ಕದಲ್ಲಿ ಪದೇ ಪದೇ ಕಾಣುವ ತಪ್ಪಿದು. ಕಾಂಕ್ರೀಟ್‌ನಲ್ಲಿ ಇದರ ಪರಿಣಾಮ ನೋಡಿ: ಒಂದು ಪಾಲು ಸಿಮೆಂಟ್‌ಗೆ ಬೀಳಬೇಕಾದ ಮರಳು ಒಂದೂವರೆ ಪಾಲು, ಬೀಳುವುದು ಮೂರು. ಮೂಲ ಅನುಪಾತದಲ್ಲಿ ಒಣ ಮಿಶ್ರಣದ ಸುಮಾರು ಶೇ 18ರಷ್ಟು ಸಿಮೆಂಟ್ ಇರುತ್ತದೆ. ಇಲ್ಲಿ ಅದು ಶೇ 14ಕ್ಕೆ ಇಳಿಯುತ್ತದೆ.

ತಪ್ಪು 2: ‘ಒಂದೂವರೆಯನ್ನು ಹತ್ತಿರದ ಪೂರ್ಣ ಸಂಖ್ಯೆಗೆ ತಂದರೆ ನಷ್ಟವೇನು?’

ಒಂದೂವರೆಯನ್ನು ಎರಡು ಎಂದು ಹಿಡಿದು, ಜಲ್ಲಿಯನ್ನೂ ನಾಲ್ಕಕ್ಕೆ ಏರಿಸಿದರೆ 1 : 2 : 4 ಆಗುತ್ತದೆ. ಅದು ಎಂ15 ದರ್ಜೆಗೆ ಬಳಸುವ ಅನುಪಾತ. ಅಂದರೆ ನೀವು ಸಂಖ್ಯೆಯನ್ನು ಸರಳಗೊಳಿಸಲಿಲ್ಲ, ದರ್ಜೆಯನ್ನೇ ಇಳಿಸಿದಿರಿ.

ತಪ್ಪು 3: ‘ಎರಡೂ ಕಡೆ ಇರುವ 1 ಅನ್ನು ಹೊಡೆದುಹಾಕಬಹುದು’

1½ : 1¼ ಎಂಬಲ್ಲಿ ಎರಡೂ ಕಡೆಯ 1 ತೆಗೆದರೆ ½ : ¼ ಉಳಿಯುತ್ತದೆ, ಅಂದರೆ 2 : 1. ನಿಜವಾದ ಉತ್ತರ 6 : 5. ಒಂದೂವರೆ ಲೀಟರ್ ಹಾಲು ಒಂದೂಕಾಲು ಲೀಟರ್‌ನ ಎರಡರಷ್ಟಲ್ಲ ಎಂಬುದು ಲೆಕ್ಕ ಮಾಡದೆಯೂ ಗೊತ್ತಾಗುತ್ತದೆ. ಅನುಪಾತ ಹೇಳುವುದು ಒಂದು ಇನ್ನೊಂದರ ಎಷ್ಟರಷ್ಟಿದೆ ಎಂಬುದನ್ನು. ಎಲ್ಲ ಸಂಖ್ಯೆಗಳನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಅಥವಾ ಭಾಗಿಸಿದರೆ ಅದು ಬದಲಾಗುವುದಿಲ್ಲ. ಕೂಡಿದರೆ, ಕಳೆದರೆ ಬದಲಾಗುತ್ತದೆ.

ಸರಿಯಾದ ದಾರಿ: ನಾಲ್ಕು ಹೆಜ್ಜೆ

ಒಂದು ಮೂಟೆ, ಅಂದರೆ 50 ಕೆ.ಜಿ. ಸಿಮೆಂಟ್‌ನ ಗಾತ್ರ ಸುಮಾರು 35 ಲೀಟರ್ ಅಥವಾ 1¼ ಘನ ಅಡಿ. ‘1¼ ಘನ ಅಡಿ ಸಿಮೆಂಟ್, 1⅞ ಘನ ಅಡಿ ಮರಳು, 3¾ ಘನ ಅಡಿ ಜಲ್ಲಿ’ ಎಂದು ಚೀಟಿಯಲ್ಲಿ ಬರೆದಿದೆ ಎಂದುಕೊಳ್ಳಿ. ಇದು ಎಂ20ರ ಅನುಪಾತವೇ? ಪರೀಕ್ಷಿಸೋಣ.

1. ಎಲ್ಲ ಅಳತೆಗಳೂ ಒಂದೇ ಮಾನದಲ್ಲಿರಬೇಕು. ಇಲ್ಲಿ ಮೂರೂ ಘನ ಅಡಿಯಲ್ಲಿವೆ. ಒಂದು ಲೀಟರ್‌ನಲ್ಲಿ, ಇನ್ನೊಂದು ಘನ ಅಡಿಯಲ್ಲಿ ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

2. ಮಿಶ್ರ ಭಿನ್ನರಾಶಿಯನ್ನು ವಿಷಮ ಭಿನ್ನರಾಶಿಯಾಗಿ ಬರೆಯಿರಿ. ಪೂರ್ಣ ಸಂಖ್ಯೆಯನ್ನು ಛೇದದಿಂದ ಗುಣಿಸಿ, ಅಂಶವನ್ನು ಕೂಡಿಸಿದರಾಯಿತು: 5/4 : 15/8 : 15/4.

3. ಛೇದಗಳ ಲ.ಸಾ.ಅ. ಕಂಡುಹಿಡಿದು ಎಲ್ಲವನ್ನೂ ಅದರಿಂದ ಗುಣಿಸಿ. 4, 8, 4ರ ಲ.ಸಾ.ಅ. 8. ಗುಣಿಸಿದಾಗ 10 : 15 : 30. ಭಿನ್ನರಾಶಿ ಮಾಯವಾಯಿತು.

4. ಬಂದ ಸಂಖ್ಯೆಗಳ ಮ.ಸಾ.ಅ. ಇಂದ ಎಲ್ಲವನ್ನೂ ಭಾಗಿಸಿ. ಇಲ್ಲಿ ಅದು 5. ಉತ್ತರ 2 : 3 : 6.

ಈಗ 1 : 1½ : 3 ಅನ್ನು ನೇರವಾಗಿ 2ರಿಂದ ಗುಣಿಸಿ ನೋಡಿ. ಅಲ್ಲಿಯೂ 2 : 3 : 6 ಬರುತ್ತದೆ. ಚೀಟಿ ಸರಿಯಾಗಿದೆ. ಉತ್ತರದ ಮೇಲೆ ಅನುಮಾನವಿದ್ದರೆ ಮರಳನ್ನು ಸಿಮೆಂಟ್‌ನಿಂದ ಭಾಗಿಸಿ: 3 ÷ 2 = 1½. ಜಲ್ಲಿಯನ್ನು ಸಿಮೆಂಟ್‌ನಿಂದ ಭಾಗಿಸಿ: 6 ÷ 2 = 3. ಮೊದಲಿನ ಸಂಬಂಧ ಹಾಗೆಯೇ ಉಳಿದಿದೆ.

ಇದರಿಂದ ಕೆಲಸದ ಜಾಗದಲ್ಲಿ ಏನು ಪ್ರಯೋಜನ?

‘ಅರ್ಧ ಪೆಟ್ಟಿಗೆ’ ಎಂಬುದು ಕಣ್ಣಂದಾಜು. ಒಬ್ಬರ ಅರ್ಧ ಇನ್ನೊಬ್ಬರ ಮುಕ್ಕಾಲು ಆಗಬಹುದು. 2 : 3 : 6 ಆದಾಗ ಅಂದಾಜಿನ ಕೆಲಸವಿಲ್ಲ, ಎಣಿಸಿದರೆ ಸಾಕು. 35 ಲೀಟರ್ ಹಿಡಿಯುವ ಅಳತೆ ಪೆಟ್ಟಿಗೆ ಇದ್ದರೆ ಎರಡು ಮೂಟೆ ಸಿಮೆಂಟ್‌ಗೆ ಮೂರು ಪೆಟ್ಟಿಗೆ ಮರಳು, ಆರು ಪೆಟ್ಟಿಗೆ ಜಲ್ಲಿ. ಮಿಕ್ಸರ್‌ನಲ್ಲಿ ಒಂದು ಸಲಕ್ಕೆ ಒಂದೇ ಮೂಟೆ ಹಾಕಲು ಸಾಧ್ಯವಿದ್ದರೆ ಪೆಟ್ಟಿಗೆಯ ಅಳತೆಯನ್ನೇ ಅರ್ಧಕ್ಕೆ, ಅಂದರೆ 17½ ಲೀಟರ್‌ಗೆ ಇಳಿಸಿ. ಆಗ ಒಂದು ಮೂಟೆ ಎಂದರೆ ಎರಡು ಪೆಟ್ಟಿಗೆ. ಮರಳು ಮೂರು ಪೆಟ್ಟಿಗೆ, ಜಲ್ಲಿ ಆರು ಪೆಟ್ಟಿಗೆ, ಎಣಿಕೆ ಅದೇ.

ಬಾಂಡ್ಲಿಯಲ್ಲಿ ಅಳೆಯುವುದಾದರೆ ಮೂರಕ್ಕೂ ಒಂದೇ ಬಾಂಡ್ಲಿ ಬಳಸಬೇಕು, ಒಂದೇ ರೀತಿ ತುಂಬಬೇಕು. ಸಿಮೆಂಟನ್ನು ತಲೆತಟ್ಟಾಗಿ, ಮರಳನ್ನು ಗೋಪುರದಂತೆ ತುಂಬಿದರೆ ಕಾಗದದ ಮೇಲಿನ ಅನುಪಾತಕ್ಕೆ ಅರ್ಥವಿಲ್ಲ.

ಒಂದು ಎಚ್ಚರಿಕೆ: ಕಾಂಕ್ರೀಟ್‌ನ ಬಲ ಈ ಮೂರು ಸಂಖ್ಯೆಗಳಿಂದಷ್ಟೇ ಬರುವುದಿಲ್ಲ. ಕಲಸಲು ಸುಲಭವಾಗಲಿ ಎಂದು ಹೆಚ್ಚು ನೀರು ಸುರಿದರೆ ಸರಿಯಾದ ಅನುಪಾತವೂ ದುರ್ಬಲ ಕಾಂಕ್ರೀಟ್ ಕೊಡುತ್ತದೆ. ಎಂ20ಕ್ಕಿಂತ ಮೇಲಿನ ದರ್ಜೆಗೆ ಇಂಥ ಸಿದ್ಧ ಅನುಪಾತ ಸಾಲದು. ಅದನ್ನು ಎಂಜಿನಿಯರ್ ಲೆಕ್ಕ ಹಾಕಿ ಕೊಡಬೇಕು.

ಕೊನೆಯ ಮಾತು: 1 : 1½ : 3 ಮತ್ತು 2 : 3 : 6 ಒಂದೇ. 1 : 3 : 3 ಬೇರೆಯೇ. ಅನುಪಾತದಲ್ಲಿ ಒಂದನ್ನು ಗುಣಿಸಿದರೆ ಎಲ್ಲವನ್ನೂ ಗುಣಿಸಬೇಕು.